ಮೂರು ಡಿಸೆಂಬರ್, ಒಂದು ನೀರಿನ ಟ್ಯಾಂಕ್

ಅಪಾರ್ಟ್‌ಮೆಂಟ್‌ನಲ್ಲಿ ಇರೋರು ಆಪತ್ತಿಗೆ ಹೇಗೆ ತಯಾರಾಗಬೇಕು ಅನ್ನೋದು ಇವತ್ತಿನ ವಿಷಯ. ಟಾರ್ಚ್, ಮೇಣದಬತ್ತಿ, ಪವರ್ ಬ್ಯಾಂಕ್, ಐದು ಕೆಜಿ ಅಕ್ಕಿ ಅನ್ನೋ ಪಟ್ಟಿ ಪ್ರತಿ ಮಳೆಗಾಲವೂ ಎಲ್ಲರ ವಾಟ್ಸಾಪ್‌ಗೆ ಬಂದೇ ಬರುತ್ತೆ, ಅದನ್ನ ನಾನು ಮತ್ತೆ ಓದಲ್ಲ. ನಾನು ಇತಿಹಾಸದ ದಾರಿ ಹಿಡೀತೀನಿ. ಎಂಟೇ ವರ್ಷದಲ್ಲಿ ಪ್ರವಾಹ, ಬಿರುಗಾಳಿ, ಬರ, ಲಾಕ್‌ಡೌನ್, ಮತ್ತೆ ಪ್ರವಾಹ ಇಷ್ಟನ್ನೂ ನೋಡಿದ ಊರು ಚೆನ್ನೈ. ನಾನು ಬಾಡಿಗೆಗೆ ಇರುವ ಊರು ಕೂಡ. ಇಲ್ಲಿನ ಬಹುಮಹಡಿ ಕಟ್ಟಡಗಳಲ್ಲಿ ಪ್ರತಿ ಸಲ ಮೊದಲು ಕೈಕೊಟ್ಟಿದ್ದು ಏನು ಅಂತ ಗಮನಿಸಿದರೆ, ಆ ಪಟ್ಟಿಯಲ್ಲಿ ಇಲ್ಲದ ಸಂಗತಿಗಳೇ ಜಾಸ್ತಿ.

2015ರಿಂದ ಶುರು ಮಾಡೋಣ. ಆ ನವೆಂಬರ್ ಒಂದರಲ್ಲೇ ಚೆನ್ನೈಗೆ 1,049 ಮಿಲಿಮೀಟರ್ ಮಳೆ ಬಿತ್ತು. 1918ರ ನವೆಂಬರ್‌ನಲ್ಲಿ 1,088 ಮಿ.ಮೀ. ಬಿದ್ದಿತ್ತು, ಅದಾದ ಮೇಲೆ ಇದೇ ಹೆಚ್ಚು. ಕೆರೆಗಳೆಲ್ಲ ತುಂಬಿ ತುಳುಕುತ್ತಿದ್ದಾಗ ಡಿಸೆಂಬರ್ 1 ಬಂತು. ಮರುದಿನ ಬೆಳಗ್ಗೆ ಎಂಟೂವರೆಗೆ ಮುಗಿದ 24 ಗಂಟೆಯಲ್ಲಿ ತಾಂಬರಂನಲ್ಲಿ 49 ಸೆಂಟಿಮೀಟರ್ ಮಳೆ. ಚೆಂಬರಂಬಾಕ್ಕಂ ಏರಿಯಿಂದ ಸೆಕೆಂಡಿಗೆ 29,000 ಘನ ಅಡಿವರೆಗೆ ನೀರನ್ನು ಅಡ್ಯಾರ್ ನದಿಗೆ ಬಿಟ್ಟರು. ನಮಗೆ ಏರಿ ಅಂದ್ರೆ ಕೆರೆಯ ದಂಡೆ, ತಮಿಳರಿಗೆ ಏರಿ ಅಂದ್ರೆ ಕೆರೆಯೇ. ಆ ರಾತ್ರಿ ಎರಡು ಅರ್ಥಕ್ಕೂ ವ್ಯತ್ಯಾಸ ಉಳಿಯಲಿಲ್ಲ ಅನ್ನಬಹುದು. ವಿಮಾನ ನಿಲ್ದಾಣ ಡಿಸೆಂಬರ್ 6ರವರೆಗೆ ಮುಚ್ಚಿತ್ತು. ಸಿಬ್ಬಂದಿ ಮುದ್ರಣಾಲಯ ತಲುಪಲಾಗದೆ 'ದಿ ಹಿಂದೂ' ಪತ್ರಿಕೆಯ ಚೆನ್ನೈ ಆವೃತ್ತಿ ಡಿಸೆಂಬರ್ 2ರಂದು ಅಚ್ಚಾಗಲೇ ಇಲ್ಲ. ಆ ಪತ್ರಿಕೆ ಹುಟ್ಟಿದ್ದು 1878ರಲ್ಲಿ. ಅಷ್ಟು ವರ್ಷದಲ್ಲಿ ಹೀಗಾಗಿದ್ದು ಅದೇ ಮೊದಲು.

ಈಗ ಅಪಾರ್ಟ್‌ಮೆಂಟ್‌ ಒಳಗೆ ಬನ್ನಿ. ನಾಲ್ಕನೇ ಮಹಡಿಯವರ ಮನೆಗೆ ನೀರು ನುಗ್ಗಲ್ಲ, ಅವರು ಕ್ಷೇಮ ಅಂತ ನಾವು ಅಂದ್ಕೋತೀವಿ. ಆದರೆ ಇಲ್ಲಿನ ಸಾಮಾನ್ಯ ಕಟ್ಟಡದ ಹೊಟ್ಟೆ ಇರೋದು ನೆಲಮಟ್ಟದಲ್ಲಿ. ಕಾರ್ ನಿಲ್ಲಿಸೋ ಜಾಗದಲ್ಲೇ, ಇಲ್ಲಾ ಬೇಸ್‌ಮೆಂಟ್‌ನಲ್ಲಿ, ಮೀಟರ್ ಬೋರ್ಡ್, ಪಂಪಿನ ಸ್ಟಾರ್ಟರ್, ಜನರೇಟರ್, ಕೆಳಗೆ ಸಂಪ್. ಮೊಣಕಾಲುದ್ದ ನೀರು ನಿಂತರೆ ಇವೆಲ್ಲ ಒಟ್ಟಿಗೆ ಹೋಗುತ್ತವೆ. ಜೊತೆಗೆ, ನೀರು ನಿಂತ ಬಡಾವಣೆಗಳಲ್ಲಿ ಜನಕ್ಕೆ ಶಾಕ್ ಹೊಡೆಯಬಾರದು ಅಂತ ಇಬಿಯವರೇ, ಅಂದ್ರೆ ನಮ್ಮ ಕೆಇಬಿಯಂಥೋರೇ, ವಿದ್ಯುತ್ ಕಡಿದರು. ಅದು ಸರಿಯಾದ ತೀರ್ಮಾನವೇ. ಆದರೆ ನೀರು ಇಳಿಯುವ ತನಕ ಕರೆಂಟ್ ವಾಪಸ್ ಬರಲ್ಲ ಅಂತಲೇ ಅದರ ಅರ್ಥ. ಕರೆಂಟ್ ಇಲ್ಲ ಅಂದ್ರೆ ಪಂಪ್ ಇಲ್ಲ, ಪಂಪ್ ಇಲ್ಲ ಅಂದ್ರೆ ಮೇಲಿನ ಟ್ಯಾಂಕ್ ತುಂಬಲ್ಲ. ಸಂಪಿಗೆ ಚರಂಡಿ ನೀರು ಸೇರಿದ ಮೇಲಂತೂ ಕರೆಂಟ್ ಬಂದರೂ ಅದನ್ನ ಮೇಲಕ್ಕೆ ಏರಿಸೋ ಹಾಗಿಲ್ಲ. ಸುತ್ತಲೂ ನೀರು, ನಲ್ಲಿ ಮಾತ್ರ ಒಣ. ಒಂದು ಲೀಟರ್ ಹಾಲಿಗೆ ನೂರು ರೂಪಾಯಿ ಕೇಳಿದ ಸುದ್ದಿ ಎಲ್ಲರಿಗೂ ನೆನಪಿದೆ. ಶೌಚಾಲಯಕ್ಕೆ ಬಕೆಟ್ ಹಿಡಿದು ಕತ್ತಲಲ್ಲಿ ಮೆಟ್ಟಿಲು ಹತ್ತಿದ ವಯಸ್ಸಾದವರ ವಿಷಯ ಸುದ್ದಿ ಆಗಲಿಲ್ಲ.

ಇದರ ಅತ್ಯಂತ ಕ್ರೂರ ರೂಪ ಕಂಡದ್ದು ಅಡ್ಯಾರ್ ದಡದ ಒಂದು ದೊಡ್ಡ ಆಸ್ಪತ್ರೆಯಲ್ಲಿ. ನೀರು ನುಗ್ಗಿ ವಿದ್ಯುತ್ತೂ ಜನರೇಟರ್‌ಗಳೂ ನಿಂತವು, ಆ ದಿನಗಳಲ್ಲಿ ಅಲ್ಲಿ 18 ರೋಗಿಗಳು ತೀರಿಕೊಂಡರು. ಸಾವುಗಳಿಗೆ ಕಾರಣ ಏನು ಅಂತ ಮುಂದೆ ವಾದವಿವಾದ ನಡೆಯಿತು, ಅದನ್ನ ನಾನು ಇಲ್ಲಿ ತೀರ್ಮಾನ ಮಾಡೋಕೆ ಹೋಗಲ್ಲ. ಜನರೇಟರ್ ಇದೆಯಾ ಅಂತ ಕೇಳುವಾಗ ಅದು ಎಷ್ಟು ಎತ್ತರದಲ್ಲಿದೆ ಅಂತಲೂ ಕೇಳಬೇಕು, ಅಷ್ಟನ್ನ ಮಾತ್ರ ಹೇಳ್ತೀನಿ.

ಮೊಬೈಲ್ ಕಥೆ ಬೇರೆ. ಟವರ್‌ಗೂ ಬ್ಯಾಟರಿ ಇರುತ್ತೆ, ಆಮೇಲೆ ಡೀಸೆಲ್. ರಸ್ತೆಯೇ ಮುಳುಗಿದಾಗ ಡೀಸೆಲ್ ತಲುಪಿಸೋರು ಯಾರು? ಆಗ ಕೆಲಸಕ್ಕೆ ಬಂದಿದ್ದು ತಾಮ್ರದ ತಂತಿಯ ಹಳೇ ಲ್ಯಾಂಡ್‌ಲೈನ್. ಅದಕ್ಕೆ ಬೇಕಾದ ವಿದ್ಯುತ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ತಂತಿಯಲ್ಲಿ ಬರುತ್ತೆ, ಮನೆಯಲ್ಲಿ ಕರೆಂಟ್ ಬೇಕಿಲ್ಲ. ಬಿಎಸ್‌ಎನ್‌ಎಲ್ ಆಗ ಒಂದು ವಾರ ಕರೆಗಳನ್ನು ಉಚಿತ ಮಾಡಿತು. ಈಗ ನಮ್ಮ ಮನೆಗಳಲ್ಲಿ ಇರೋದು ಫೈಬರ್. ಗೋಡೆ ಮೇಲಿನ ಆ ಡಬ್ಬಿಗೆ ಕರೆಂಟ್ ಬೇಕೇ ಬೇಕು. ಈ ಒಂದು ವಿಷಯದಲ್ಲಿ ನಾವು 2015ಕ್ಕಿಂತ ಹಿಂದೆ ಇದ್ದೀವಿ.

ಸರಿ, ಎಲ್ಲರೂ ಪಾಠ ಕಲಿತರು, ಬೋರ್ಡ್ ಎತ್ತರಿಸೋಣ ಅಂತ ಮಾತಾಡಿದರು. ಒಂದೇ ವರ್ಷಕ್ಕೆ, 2016ರ ಡಿಸೆಂಬರ್ 12ರಂದು, ವರ್ಧಾ ಚಂಡಮಾರುತ ಬಂತು. ಈ ಸಲ ನೀರಿಗಿಂತ ಗಾಳಿಯ ಹೊಡೆತವೇ ದೊಡ್ಡದು. ಸಾವಿರಾರು ಮರ, ಸಾವಿರಾರು ಕಂಬ ಉರುಳಿದವು. ಇಲ್ಲೊಂದು ತಮಾಷೆ ಇದೆ. ಹಳೇ ಚೆನ್ನೈನಲ್ಲಿ ವಿದ್ಯುತ್ ಹರಿಯೋದು ಹೆಚ್ಚಾಗಿ ನೆಲದಡಿಯ ಕೇಬಲ್‌ನಲ್ಲಿ, ಫುಟ್‌ಪಾತ್ ಮೇಲೆ ಪಿಲ್ಲರ್ ಬಾಕ್ಸ್. ಪ್ರವಾಹದಲ್ಲಿ ಆ ಬಾಕ್ಸ್‌ಗಳೇ ಮುಳುಗಿದ್ದವು. ನಮ್ಮಂಥವರು ಬಾಡಿಗೆ ಹಿಡಿಯುವ ಹೊರವಲಯದಲ್ಲಿ ಕಂಬ ಮತ್ತು ತಂತಿ. ಗಾಳಿಗೆ ಬಿದ್ದಿದ್ದು ಅವು, ಕೆಲವು ಕಡೆ ದಿನಗಟ್ಟಲೆ ಕತ್ತಲು. ನೀರಿಗೆ ಹೆದರಿ ಮೇಲೆ ಹೋದರೆ ಗಾಳಿ, ಗಾಳಿಗೆ ಹೆದರಿ ಕೆಳಗೆ ಹೋದರೆ ನೀರು. ಅದೂ ಅಲ್ಲದೆ ನೋಟು ರದ್ದಾಗಿ ಬರೀ ಐದು ವಾರ ಆಗಿತ್ತು. ಕೈಯಲ್ಲಿ ನಗದಿಲ್ಲ, ಕಾರ್ಡ್ ಉಜ್ಜುವ ಯಂತ್ರಕ್ಕೆ ಕರೆಂಟೂ ಇಲ್ಲ, ಸಿಗ್ನಲೂ ಇಲ್ಲ. ಐನೂರು ರೂಪಾಯಿಯ ಚಿಲ್ಲರೆ ನೋಟುಗಳು ಇದ್ದವನೇ ಆ ವಾರದ ಸಾಹುಕಾರ.

2019 ಪೂರ್ತಿ ಉಲ್ಟಾ. ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ನಾಲ್ಕೂ ಬತ್ತಿದವು. ಓಎಂಆರ್‌ನ ಕಂಪನಿಗಳು ನೀರಿಲ್ಲ ಅಂತ ಮನೆಯಿಂದಲೇ ಕೆಲಸ ಮಾಡಿ ಅಂದವು. ಜುಲೈ 12ರಂದು ಜೋಲಾರ್‌ಪೇಟೆಯಿಂದ 50 ವ್ಯಾಗನ್‌ಗಳ ರೈಲು 25 ಲಕ್ಷ ಲೀಟರ್ ಹೊತ್ತು ಬಂತು. ಅದು ಮೆಟ್ಟೂರಿನ ಕಾವೇರಿ ನೀರು. ಕೊಡಗಿನಲ್ಲಿ ಬಿದ್ದ ಮಳೆ ರೈಲು ಹತ್ತಿ ಬಂದಿದೆ ಅಂತ ನಮ್ಮ ಕನ್ನಡ ಗುಂಪಿನಲ್ಲಿ ಯಾರೋ ಬರೆದಿದ್ದರು, ಆಮೇಲೆ ಅಲ್ಲಿ ಜಗಳವೂ ಆಯ್ತು ಅನ್ನಿ.

2020ರ ಲಾಕ್‌ಡೌನ್‌ನಲ್ಲಿ ಕರೆಂಟು ನೀರು ಎರಡೂ ಇದ್ದವು, ಮನುಷ್ಯರು ಬರೋ ಹಾಗಿರಲಿಲ್ಲ. ಏಪ್ರಿಲ್ 26ರಿಂದ 29ರವರೆಗೆ ದಿನಸಿ ಅಂಗಡಿಯೂ ಬಂದ್ ಅಂದಾಗ ಹಿಂದಿನ ದಿನ ಊರಿಗೆ ಊರೇ ಅಂಗಡಿ ಮುಂದೆ ನಿಂತಿತ್ತು. ಅಂತರ ಕಾಪಾಡಲು ಮಾಡಿದ ಆದೇಶದಿಂದ ಆಗಿದ್ದು ಅದು. ಮನೆಯಲ್ಲಿ ಎರಡು ವಾರದ ಸಾಮಾನು ಇರಬೇಕು ಅನ್ನೋದಕ್ಕೆ ನನ್ನ ಪ್ರಕಾರ ಇದೇ ನಿಜವಾದ ಕಾರಣ. ಹಸಿವಿಗಿಂತ ಹೆಚ್ಚಾಗಿ, ಆ ಒಂದು ದಿನ ಗುಂಪಿಗೆ ಹೋಗದೇ ಇರೋಕೆ.

ಮತ್ತೆ 2023ರ ಡಿಸೆಂಬರ್ 3, 4. ಮಿಚಾಂಗ್. ಅಷ್ಟರಲ್ಲಿ ಐಟಿಯವರು ದಕ್ಷಿಣಕ್ಕೆ ಇನ್ನೂ ಹರಡಿದ್ದರು: ವೇಳಚ್ಚೇರಿ, ಪಳ್ಳಿಕ್ಕರಣೈ, ಪೆರುಂಬಾಕ್ಕಂ, ಕಾರಪ್ಪಾಕ್ಕಂ. ಮಳೆನೀರು ಸಮುದ್ರಕ್ಕೆ ಹೋಗೋ ಮುಂಚೆ ತಂಗುತ್ತಿದ್ದ ಜೌಗು ಪಳ್ಳಿಕ್ಕರಣೈ. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು, ಆದರೆ ಅದರ ಬಹುಪಾಲನ್ನು ಊರು ಆಗಲೇ ನುಂಗಿತ್ತು. ಬೆಂಗಳೂರಿನಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಕಡೆಯವರು ಟ್ರ್ಯಾಕ್ಟರ್ ಹತ್ತಿದ್ದಕ್ಕೂ ಇಂಥದ್ದೇ ಹಿನ್ನೆಲೆ. ಕಾರಪ್ಪಾಕ್ಕಂನಲ್ಲಿ ಸಿಕ್ಕಿಕೊಂಡ ನಟ ವಿಷ್ಣು ವಿಶಾಲ್, ಕರೆಂಟಿಲ್ಲ, ವೈಫೈ ಇಲ್ಲ, ತಾರಸಿಯ ಒಂದು ಜಾಗದಲ್ಲಿ ಮಾತ್ರ ಸಿಗ್ನಲ್ ಸಿಗುತ್ತೆ ಅಂತ ಬರೆದರು. ಅಲ್ಲೇ ಇದ್ದ ಆಮಿರ್ ಖಾನ್ ಅವರನ್ನೂ ದೋಣಿಯಲ್ಲಿ ಕರೆತರಬೇಕಾಯಿತು. 2016ರಲ್ಲಿ ಕಾರ್ಡ್ ಸತ್ತಿತ್ತು, ಈ ಸಲ ಯುಪಿಐ.

ಇಷ್ಟು ವರ್ಷದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ ಸಂಗತಿ ಒಂದು ವಾಲ್ವ್. ಲೆಕ್ಕ ಹಾಕೋಣ. 60 ಮನೆ, ಮನೆಗೆ ನಾಲ್ಕು ಜನ. ನಗರ ನೀರು ಪೂರೈಕೆಯ ಸರ್ಕಾರಿ ಲೆಕ್ಕದಲ್ಲಿ ತಲೆಗೆ ದಿನಕ್ಕೆ 135 ಲೀಟರ್. ಒಟ್ಟು 32,400. ಮೇಲಿನ ಟ್ಯಾಂಕ್ ಅಷ್ಟೇ ದೊಡ್ಡದಿದ್ದರೆ ಒಂದು ದಿನಕ್ಕೆ ಖಾಲಿ. ಆಪತ್ತಿನ ಪರಿಹಾರಕ್ಕೆ ಬಳಸುವ ಸ್ಫಿಯರ್ ಮಾನದಂಡದಲ್ಲಿ ತಲೆಗೆ ಕನಿಷ್ಠ 15 ಲೀಟರ್. ಆ ಲೆಕ್ಕದಲ್ಲಿ ಅದೇ ಟ್ಯಾಂಕ್ ಒಂಬತ್ತು ದಿನ ಬರುತ್ತೆ. ಆದರೆ ಕರೆಂಟ್ ಹೋದ ತಕ್ಷಣ ಎಲ್ಲರೂ ಮಾಡೋದೇನು? ಮನೆಯಲ್ಲಿರೋ ಬಕೆಟ್, ಪಾತ್ರೆ, ಕುಕ್ಕರ್ ಎಲ್ಲ ತುಂಬಿಸ್ತೀವಿ. ಒಂದು ಗಂಟೆಯಲ್ಲಿ ಟ್ಯಾಂಕ್ ಬರಿದು. ಆಫೀಸಿನಿಂದ ತಡವಾಗಿ ಬಂದವನಿಗೆ, ಒಬ್ಬರೇ ಇರುವ ಅಜ್ಜಿಗೆ ಚೊಂಬು ನೀರೂ ಇಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆ ರೇಟ್ ಲಿಮಿಟ್ ಇಲ್ಲದ ಸರ್ವರ್ ಅಂತೀವಿ. ಮೊದಲ ಹತ್ತು ನಿಮಿಷದಲ್ಲಿ ಯಾರಾದರೂ ತಾರಸಿಗೆ ಹೋಗಿ ವಾಲ್ವ್ ಮುಚ್ಚಬೇಕು, ಆಮೇಲೆ ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಬಿಡಬೇಕು. ಶೌಚಕ್ಕೆ ತಾರಸಿಯ ಮಳೆನೀರಿನ ಪೈಪಿಗೆ ಒಂದು ಡ್ರಮ್ ಇಟ್ಟರೆ ಸಾಕು. ತಮಿಳುನಾಡಿನಲ್ಲಿ 2003ರಿಂದ ಮಳೆಕೊಯ್ಲು ಕಡ್ಡಾಯ, ಪೈಪ್ ಆಗಲೇ ಇದೆ. ಇದಕ್ಕೆ ಬೇಕಾದ ಖರ್ಚು ಸೊನ್ನೆ. ಬೇಕಾಗಿರೋದು ಮುಂಚೆಯೇ ಒಪ್ಪಿಕೊಂಡ ಒಂದು ನಿಯಮ, ಮತ್ತು ತಾರಸಿಯ ಬೀಗದ ಕೈ ಯಾರ ಹತ್ತಿರ ಅನ್ನೋ ಮಾಹಿತಿ.

ಬೋರ್ಡ್ ಎತ್ತರಿಸೋದು, ಪಂಪಿಗೆ ಜನರೇಟರ್ ಕೊಡೋದು ಖರ್ಚಿನ ಬಾಬತ್ತು, ಅದು ಸಂಘದ ಸಭೆಯಲ್ಲಿ ಆಗಬೇಕು. ಅಲ್ಲಿ ಮತ ಇರೋದು ಮಾಲೀಕರಿಗೆ. ನಮ್ಮಲ್ಲಿ ಮುಕ್ಕಾಲು ಪಾಲು ಬಾಡಿಗೆದಾರರು, ಮಾಲೀಕರು ಇರೋದು ಅಮೆರಿಕದಲ್ಲೋ ಬೆಂಗಳೂರಿನಲ್ಲೋ. ಊರಿಂದ ಅಪ್ಪ ಅಮ್ಮ ಬಂದು ಆರು ತಿಂಗಳು ಇರೋದು ಮಾತ್ರ ನಮ್ಮ ಜೊತೆ.

ಹಾಗಾಗಿ ಬಾಡಿಗೆದಾರನಿಗೆ ಅಧಿಕಾರ ಇರೋದು ಮನೆ ನೋಡೋಕೆ ಹೋದ ದಿನ ಮಾತ್ರ. ಮಾಡ್ಯುಲರ್ ಕಿಚನ್ ಆಮೇಲೆ ನೋಡಿ, ಮೊದಲು ಕೆಳಗೆ ಮೀಟರ್ ಬೋರ್ಡ್ ಎಲ್ಲಿದೆ, ಜನರೇಟರ್ ಲಿಫ್ಟಿಗೆ ಮಾತ್ರಾನಾ ಪಂಪಿಗೂ ಇದೆಯಾ ನೋಡಿ. ಆಮೇಲೆ ಬ್ರೋಕರ್ ಫೋನಿನಲ್ಲಿ ಇರುವಾಗ ಹಳೇ ವಾಚ್‌ಮನ್ ಹತ್ತಿರ ಹೋಗಿ, 'ಅಣ್ಣಾ, 2015ಲ ಇಂಗ ತಣ್ಣಿ ಎವ್ವಳವು ವಂದುದು?' ಅಂತ ಕೇಳಿ. ಅವರು ಬಾಯಲ್ಲಿ ಹೇಳಲ್ಲ, ಕೈಯನ್ನ ಸೊಂಟದ ಹತ್ತಿರವೋ ಎದೆಯ ಹತ್ತಿರವೋ ಇಟ್ಟು ತೋರಿಸ್ತಾರೆ. ಆ ಕೈಗಿಂತ ಮೀಟರ್ ಬೋರ್ಡ್ ಮೇಲಿದ್ದರೆ ಅಡ್ವಾನ್ಸ್ ಮಾತಾಡಿ.