ಬೆಳಕೂ ಮಿತವ್ಯಯವೂ

ಸಂಜೆ ಹಜಾರದ ದೀಪ ಹೊತ್ತಿಸುವಾಗ ಕಾವೇರಿಯ ನೆನಪು ತಮಗೆ ಎಂದಾದರೂ ಬಂದುದುಂಟೆ? ಮೈಸೂರು ಸೀಮೆಯ ವಿದ್ಯುದ್ದೀಪದ ಕಥೆ ಆರಂಭವಾಗುವುದು ಆ ತಾಯಿಯ ಮಡಿಲಲ್ಲಿಯೇ.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಸಂಕಲ್ಪಿತವಾದ ಶಿವನಸಮುದ್ರದ ವಿದ್ಯುದಾಗಾರ 1902ರಲ್ಲಿ ಕೆಲಸಕ್ಕೆ ತೊಡಗಿತು. ಅದನ್ನು ಕಣ್ಣಾರೆ ಕಾಣುವ ಭಾಗ್ಯ ಅವರಿಗೆ ಒದಗಲಿಲ್ಲ. ಹಿಂದಿನ ವರ್ಷವೇ ಅವರು ದಿವಂಗತರಾಗಿದ್ದರು. ಆ ಶಕ್ತಿ 92 ಮೈಲಿ ದೂರ ತಂತಿಯಲ್ಲಿ ಹರಿದು ಮೊದಲು ಸೇರಿದ್ದು ಕೋಲಾರದ ಚಿನ್ನದ ಗಣಿಗಳನ್ನು. ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರ ಆಗಸ್ಟ್ 5ರಂದು.

ಆದರೆ ನದಿಯೇನೂ ಅಕ್ಷಯಪಾತ್ರೆಯಲ್ಲ. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಯಂತ್ರಗಳಿಗೂ ನೀರು ಸಾಲದು. ಆದ್ದರಿಂದಲೇ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಮೊದಲಾದಾಗ, ಗದ್ದೆಗಳಿಗೆ ನೀರುಣಿಸುವುದರ ಜೊತೆಗೆ ಶಿವನಸಮುದ್ರಕ್ಕೆ ವರ್ಷವಿಡೀ ನೀರೊದಗಿಸುವುದೂ ಅದರ ಮುಖ್ಯೋದ್ದೇಶವಾಗಿತ್ತು. ಆ ಕಟ್ಟೆಗಾಗಿ ಹಳೆಯ ಕನ್ನಂಬಾಡಿ ಊರೇ ಮುಳುಗಿತು. ನಮ್ಮ ಬೆಳಕಿನ ಬೆಲೆಯನ್ನು ಹೀಗೆ ಯಾರೋ ತಮ್ಮ ಮನೆಯಂಗಳದಿಂದ ತೆತ್ತಿದ್ದಾರೆ.

ಇಷ್ಟು ಕಷ್ಟದಿಂದ ಬಂದ ಶಕ್ತಿಯನ್ನು ದೀಪಗಳು ಹೇಗೆ ಬಳಸಿದವು? 1879ರಲ್ಲಿ ಎಡಿಸನ್ ಬೆಳಗಿಸಿದ್ದು ಇಂಗಾಲದ ಎಳೆಯನ್ನು. 1910ರ ಸುಮಾರಿಗೆ ಕೂಲಿಜ್ ಎಂಬ ವಿಜ್ಞಾನಿ ಟಂಗ್‌ಸ್ಟನ್ ಲೋಹವನ್ನು ತಂತಿಯಾಗಿ ಎಳೆಯುವ ಬಗೆ ಕಂಡುಹಿಡಿದ ಮೇಲೆ, ಅದೇ ಬೆಳಕಿಗೆ ಅರ್ಧಕ್ಕಿಂತಲೂ ಕಡಿಮೆ ಶಕ್ತಿ ಸಾಕಾಯಿತು. ಆದರೂ ಆ ಬಲ್ಬಿನಲ್ಲಿ ನೂರು ಪಾಲಿನಲ್ಲಿ ಬೆಳಕಾಗುತ್ತಿದ್ದುದು ಐದು ಪಾಲಿನಷ್ಟು, ಉಳಿದುದೆಲ್ಲ ಕಾವು. ದೀಪವೆಂದು ನಾವು ಕೊಂಡು ತಂದದ್ದು ಒಂದು ಪುಟ್ಟ ಒಲೆಯನ್ನು!

ಈ ಲೋಪವನ್ನು ಬಹುಮಟ್ಟಿಗೆ ನೀಗಿದ್ದು ಎಲ್‌ಇಡಿ ದೀಪ. ಬಿಳಿಯ ಬೆಳಕಿಗೆ ಅಗತ್ಯವಾದ ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಹುಮಾನ ಸಂದಿತು. ಮರುವರ್ಷ ಕೇಂದ್ರ ಸರ್ಕಾರ ಆರಂಭಿಸಿದ ಉಜಾಲಾ ಯೋಜನೆಯಲ್ಲಿ 36 ಕೋಟಿಗೂ ಮಿಕ್ಕಿ ಇಂಥ ಬಲ್ಬುಗಳು ಅಗ್ಗದ ದರದಲ್ಲಿ ಮನೆಗಳನ್ನು ಸೇರಿದವು.

ಮನೆಯ ಲೆಕ್ಕ ನೋಡೋಣ. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್ಟು. ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿಗೆ ಒಂದೂವರೆ ಯೂನಿಟ್ಟೂ ಬೇಡ. ನಾಲ್ಕು ದೀಪ ಬದಲಾಯಿಸಿದರೆ ಮೂವತ್ತು ಯೂನಿಟ್ಟು ಉಳಿತಾಯ.

ಆದರೆ ಒಂದು ಮಾತು. ನನ್ನ ಬಾಲ್ಯದಲ್ಲಿ ನಮ್ಮ ಮನೆಗೆಲ್ಲ ನಡುಮನೆಯ ಒಂದು 40 ವ್ಯಾಟಿನ ಬಲ್ಬೇ ಆಧಾರ. ಅದರಡಿಯಲ್ಲಿಯೇ ನಮ್ಮ ಓದು, ಅಜ್ಜಿಯ ಹೂಕಟ್ಟುವಿಕೆ. ಎದ್ದು ಹೊರಟರೆ ತಾತನವರು, “ದೀಪ ದೊಡ್ಡದು ಮಾಡಿ ಹೋಗು ಮಗು” ಎನ್ನುತ್ತಿದ್ದರು. ಆರಿಸು ಎಂಬ ಮಾತು ಅವರ ಬಾಯಲ್ಲಿ ಬರದು. ಇಂದು ನಮ್ಮ ಮನೆಯಲ್ಲಿ ಹನ್ನೆರಡು ದೀಪಗಳಿವೆ. ಕರ್ಚು ಅಲ್ಪವೆಂಬ ಧೈರ್ಯದಿಂದ ಯಾರೂ ಇಲ್ಲದ ಕೋಣೆಯಲ್ಲಿಯೂ ಅವು ಉರಿಯುತ್ತವೆ. ವಿಜ್ಞಾನ ಉಳಿಸಿಕೊಟ್ಟುದನ್ನು ನಮ್ಮ ಅಜಾಗ್ರತೆ ಕಳೆಯಬಾರದಷ್ಟೆ? ಹೊಸ ಬಲ್ಬನ್ನು ಅಂಗಡಿಯಿಂದ ತರಬಹುದು. ತಾತನವರ ಆ ಅಭ್ಯಾಸವನ್ನು ಮಾತ್ರ ನಾವೇ ಮಕ್ಕಳಿಗೆ ಕಲಿಸಬೇಕು.