ಅಕ್ಕನಿಗೆ ಮುತ್ತು, ತಂಗಿಗೆ ತಾಳಿ

ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳು. ಒಬ್ಬಳ ಕೊರಳಿಗೆ ತಾಳಿ, ಇನ್ನೊಬ್ಬಳ ಕೊರಳಿಗೆ ದೇವಿಯ ಹೆಸರಿನ ಮುತ್ತು. ಕಾದಂಬರಿಗೆ ಇದಕ್ಕಿಂತ ಮಿಗಿಲಾದ ವಸ್ತು ಬೇಕೆ? ಎಂ. ಕೆ. ಇಂದಿರಾ ಅವರು ‘ಗೆಜ್ಜೆಪೂಜೆ’ಯಲ್ಲಿ ಇಂಥದೇ ಕಟ್ಟಳೆಗೆ ಸಿಲುಕಿದ ತಾಯಿಮಗಳ ಬಾಳನ್ನು ಚಿತ್ರಿಸಿದರು, 1969ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ತೆರೆಗೆ ತಂದರು. ಅಕ್ಕತಂಗಿಯರ ಅಗಲಿಕೆಯಾದರೋ ನಮ್ಮ ಸೀಮೆಯಲ್ಲಿ ಇತಿಹಾಸವಾಗಿಯೇ ನಡೆದುಹೋಗಿದೆ.

ನನ್ನ ಬಾಲ್ಯ ಕಳೆದದ್ದು ಯರಗಟ್ಟಿಯಲ್ಲಿ. ಭಾರತ ಹುಣ್ಣಿಮೆ ಸಮೀಪಿಸಿತೆಂದರೆ ಗೋಕಾಕದ ಕಡೆಯಿಂದ ಬರುವ ಚಕ್ಕಡಿಗಳ ಸಾಲು ನಮ್ಮೂರನ್ನು ಹಾಯ್ದು ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಸಾಗುತ್ತಿತ್ತು. ಚೌಡಿಕೆಯ ನಾದ, ಭಂಡಾರದ ಹಳದಿ, ‘ಉಧೋ ಉಧೋ’ ಎಂಬ ಘೋಷ! ಒಂದು ವರ್ಷ ನಮ್ಮ ಓಣಿಯ ಇಬ್ಬರು ಅಕ್ಕತಂಗಿಯರೂ ಆ ಸಾಲಿನಲ್ಲಿ ಹೋದರು. ಮರಳಿ ಬಂದಾಗ ಅಕ್ಕನ ಕೊರಳಲ್ಲಿ ಕೆಂಪುಬಿಳುಪು ಮಣಿಗಳ ಸರವಿತ್ತು. “ಅಕ್ಕಗಷ್ಟ ಸರಾ ಯಾಕ ಹಾಕಿದಿ? ನನಗ ಬ್ಯಾಡೇನು?” ಎಂದು ತಂಗಿ ಅವ್ವನನ್ನು ಕೇಳಿದಳು. ಆ ತಾಯಿ ಉತ್ತರ ಕೊಡಲಿಲ್ಲ.

ಉತ್ತರ ನನಗೆ ತಿಳಿದದ್ದು ಬಹುಕಾಲದ ಮೇಲೆ. ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುಪಾಲು ದಲಿತರ, ಭೂಮಿಯಿಲ್ಲದ ಬಡವರ ಮಕ್ಕಳು. ಕೂದಲು ಜಡೆಗಟ್ಟಿದರೆ, ಮೈಮೇಲೆ ತೊನ್ನು ಕಂಡರೆ, ಗಂಡುಸಂತಾನ ಆಗದಿದ್ದರೆ ‘ತಾಯಿ ಕಾಡುತ್ತಾಳೆ’ ಎಂದು ಅರ್ಥ ಹೇಳುವವರು ಸಿದ್ಧರಾಗಿದ್ದರು. ಮುತ್ತು ಕಟ್ಟಿಸಿಕೊಂಡ ಮಗಳು ಮನೆಗೆ ಗಂಡುಮಗನ ಸಮಾನ. ತವರಿನಲ್ಲೇ ಉಳಿದು ಮುಪ್ಪಿನವರನ್ನು ಸಾಕಬೇಕು. ಅವಳು ಮೈನೆರೆದಾಗ ಖರ್ಚು ವಹಿಸಲು ಉಳ್ಳವನೊಬ್ಬ ಬರುತ್ತಿದ್ದ. ಅವನು ಕೈಬಿಟ್ಟ ಮೇಲೆ ಎಷ್ಟೋ ಜನರಿಗೆ ಉಳಿದ ದಾರಿ ಸಾಂಗಲಿ, ಪುಣೆ, ಮುಂಬಯಿಗಳದು. ಭಯ ದೇವಿಯ ಹೆಸರಿನದು, ಭೋಗ ಉಳ್ಳವರದು, ಭಾರ ಒಬ್ಬ ಹುಡುಗಿಯದು. ನಮ್ಮ ಓಣಿಯ ಆ ತಂಗಿಯ ಮದುವೆ ನಡೆದದ್ದು ಅಕ್ಕ ಕಳಿಸಿದ ಹಣದಿಂದ. ಬೀಗರ ಎದುರಿಗೆ ಅಕ್ಕನ ಹೆಸರು ಮಾತ್ರ ಯಾರ ಬಾಯಿಗೂ ಬರಲಿಲ್ಲ.

ಕಾನೂನು ಸುಮ್ಮನೆ ಕುಳಿತಿರಲಿಲ್ಲ. ನಮ್ಮ ಭಾಗ ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1934ರ ದೇವದಾಸಿ ರಕ್ಷಣಾ ಕಾಯದೆ ಈ ಸಮರ್ಪಣೆಯನ್ನು ನಿಷೇಧಿಸಿ, ಸಮರ್ಪಿತೆಯ ವಿವಾಹವನ್ನು ಸಿಂಧುವೆಂದು ಸಾರಿತು. ಕರ್ನಾಟಕದ ಕಾಯದೆ 1982ರಲ್ಲಿ ರೂಪುಗೊಂಡು 1984ರಲ್ಲಿ ಜಾರಿಗೆ ಬಂದಿತು. ಅದರಂತೆ ಶಿಕ್ಷೆ 3 ವರ್ಷಗಳವರೆಗೆ ಇತ್ತು. ತಂದೆತಾಯಿ, ಬಂಧುಗಳೇ ತಪ್ಪಿತಸ್ಥರಾದರೆ 5 ವರ್ಷಗಳವರೆಗೆ ಇತ್ತು. ಇಲ್ಲಿ ಒಂದು ಮಾತು ವಿಚಾರಾರ್ಹ. ಹೆದರಿದ ತಾಯಿಗೆ ಹೆಚ್ಚಿನ ಶಿಕ್ಷೆಯಿತ್ತು. ಹೆದರಿಸಿದವನಾದರೋ ಸಾಕ್ಷಿಯಿಲ್ಲದೆ ತಪ್ಪಿಸಿಕೊಳ್ಳಬಲ್ಲವನಾಗಿದ್ದ. ಗುಡ್ಡದ ಮೇಲೆ ಬಹಿರಂಗವಾಗಿ ನಡೆಯುತ್ತಿದ್ದ ಆಚರಣೆ ಮನೆಯ ಕತ್ತಲೆಗೆ ಸರಿಯಿತು.

ಬೆಳಕು ಬಂದದ್ದು ಮುತ್ತು ಹೊತ್ತವರಿಂದಲೇ. 7ನೆಯ ವಯಸ್ಸಿನಲ್ಲಿ ಸಮರ್ಪಿತರಾದ ಸೀತವ್ವ ಜೋಡಟ್ಟಿ ಅವರು ಘಟಪ್ರಭೆಯ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯ ಮೂಲಕ ತಮ್ಮಂಥವರನ್ನು ಮನೆಮನೆಗೆ ಹೋಗಿ ಸಂಘಟಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅಧಿಕಾರಿಯ ಜೀಪು ಕಂಡೊಡನೆ ಮುಚ್ಚುತ್ತಿದ್ದ ಬಾಗಿಲು ಇಂಥ ಹೆಂಗಸರ ದನಿಗೆ ತೆರೆಯಿತು. ಏಕೆಂದರೆ ಒಳಗಿದ್ದವರ ಭಯವನ್ನು ಅವರು ಬಲ್ಲವರಾಗಿದ್ದರು.

ಯಲ್ಲಮ್ಮನ ಮೇಲಿನ ಜನರ ಭಕ್ತಿಯನ್ನು ನಾನು ಹಳಿಯುತ್ತಿಲ್ಲ. ಗಂಡನ ಮಾತಿಗೆ ಮಗನ ಕೊಡಲಿಯಿಂದ ಶಿರವನ್ನು ಕಳೆದುಕೊಂಡ ರೇಣುಕೆ ಅವಳು. ಹೆಣ್ಣಿನ ಸಂಕಟವನ್ನು ಅವಳಿಗೆ ಯಾರೂ ವಿವರಿಸಬೇಕಾಗಿಲ್ಲ. ಅಂಥ ತಾಯಿ ಅಕ್ಕನನ್ನು ತಂಗಿಯಿಂದ ಅಗಲಿಸು ಎಂದು ಕೇಳಿದಳೆಂದು ಹೇಳಿದವರು ಮನುಷ್ಯರೇ.

ಆ ಅಕ್ಕ ಪರಊರಿನಲ್ಲೇ ತೀರಿಕೊಂಡಳು. ಮುಪ್ಪಡರಿದ ತಂಗಿ ಈಚೆಗೆ ಭೆಟ್ಟಿಯಾದಾಗ ಸರದ ಮಾತೆತ್ತಿದಳು. ತಾನು ಹಟ ಹಿಡಿದು ಕೇಳಿದ್ದೇ ಅವಳಿಗೆ ಇನ್ನೂ ಚುಚ್ಚುತ್ತಿತ್ತು. ಅಂದು ಉತ್ತರ ಕೊಡಬೇಕಾಗಿದ್ದವರು ಇಡೀ ಊರಿನವರು. ಪಶ್ಚಾತ್ತಾಪ ಉಳಿದದ್ದು ಕೇಳಿದ ಮಗುವಿಗೆ.