ನಾಲಂದೆಯ ದ್ವಾರಪರೀಕ್ಷೆ

ಮಗಧದೇಶದ ನಾಲಂದಾ ಮಹಾವಿಹಾರವು ಕ್ರಿ. ಶ. 5ನೆಯ ಶತಮಾನದಲ್ಲಿ, ಗುಪ್ತಸಮ್ರಾಟನಾದ ಒಂದನೆಯ ಕುಮಾರಗುಪ್ತನ ಕಾಲದಲ್ಲಿ, ಸ್ಥಾಪಿತವಾಯಿತೆಂದು ವಿದ್ವಾಂಸರ ಮತ. 7ನೆಯ ಶತಮಾನದ ಪೂರ್ವಾರ್ಧದಲ್ಲಿ ಅಲ್ಲಿ ವ್ಯಾಸಂಗಮಾಡಿದ ಚೀನಯಾತ್ರಿಕ ಹ್ಯುಯೆನ್ ತ್ಸಾಂಗನು ಅಲ್ಲಿಯ ಪ್ರವೇಶಕ್ರಮವನ್ನು ವರ್ಣಿಸಿದ್ದಾನೆ. ಪರಸ್ಥಳಗಳಿಂದ ಬಂದವರನ್ನು ದ್ವಾರಪಾಲಕನು ಕಠಿನಪ್ರಶ್ನೆಗಳಿಂದ ಪರೀಕ್ಷಿಸುತ್ತಿದ್ದನು. ಹತ್ತು ಮಂದಿಯಲ್ಲಿ ಏಳೆಂಟು ಮಂದಿ ಉತ್ತರಕೊಡಲಾರದೆ ಹಿಂದಿರುಗುತ್ತಿದ್ದರು.

ಈ ಸ್ಪರ್ಧೆಗೆ ಎರಡು ಕಾರಣಗಳು ತೋರುತ್ತವೆ. ಮೊದಲನೆಯದು ಜೀವನಸೌಕರ್ಯ. 100 ಗ್ರಾಮಗಳ ಉತ್ಪತ್ತಿಯು ವಿಹಾರಕ್ಕೆ ಸಲ್ಲುತ್ತಿದ್ದಿತೆಂದೂ, ಅದರಿಂದ ವಿದ್ಯಾರ್ಥಿಗಳು ಅನ್ನ ವಸ್ತ್ರ ಶಯ್ಯೆ ಔಷಧಗಳಿಗಾಗಿ ಯಾಚಿಸಬೇಕಾಗಿರಲಿಲ್ಲವೆಂದೂ ಆ ಯಾತ್ರಿಕನ ಚರಿತ್ರಕಾರನಾದ ಹ್ವೀಲಿಯು ಹೇಳುತ್ತಾನೆ. ಆ ಶತಮಾನದ ಉತ್ತರಾರ್ಧದಲ್ಲಿ ಬಂದ ಇತ್ಸಿಂಗನ ಲೆಕ್ಕದಲ್ಲಿ ಗ್ರಾಮಗಳು 200ಕ್ಕೂ ಮಿಕ್ಕಿವೆ. ಎರಡನೆಯದು ಕೀರ್ತಿ. ನಾಲಂದೆಯ ಹೆಸರನ್ನು ಸುಳ್ಳಾಗಿ ಹೇಳಿಕೊಂಡು ಅನ್ಯತ್ರ ಗೌರವ ಪಡೆಯುವವರೂ ಇದ್ದರು. ಹೆಸರಿಗೇ ಬೆಲೆ ಬಂದಮೇಲೆ ವಿದ್ಯಾಕಾಮರೊಡನೆ ಕೀರ್ತಿಕಾಮರೂ ಬಾಗಿಲಿಗೆ ಬರುವುದು ಸಹಜವಷ್ಟೆ. ಪರೀಕ್ಷೆಯ ಕಾಠಿನ್ಯವನ್ನು ಈ ದೃಷ್ಟಿಯಿಂದ ಗ್ರಹಿಸಬೇಕು.

ಆದರೆ ದ್ವಾರಪರೀಕ್ಷೆಯೇ ಪಾಂಡಿತ್ಯಕ್ಕೆ ಪ್ರಮಾಣವೆಂದು ಅಲ್ಲಿಯವರು ಭಾವಿಸಿದಂತಿಲ್ಲ. ಒಳಹೊಕ್ಕ ಇಬ್ಬರು ಮೂವರನ್ನೂ ಸಭೆಯಲ್ಲಿ ಪ್ರಶ್ನಿಸುತ್ತಿದ್ದರು. ಅಲ್ಲಿ ಸೋತು ಅವರು ಕೀರ್ತಿಯನ್ನು ಕಳೆದುಕೊಳ್ಳುತ್ತಿದ್ದರೆಂದು ಅದೇ ಯಾತ್ರಿಕನು ಬರೆದಿದ್ದಾನೆ. ಆದುದರಿಂದ ಹಿಂದಿರುಗಿದವರ ಸಂಖ್ಯೆಯೊಂದರಿಂದಲೇ ನಾಲಂದೆಯ ಹಿರಿಮೆಯನ್ನು ನಿರ್ಣಯಿಸದೆ, ಒಳಗೆ ನಡೆಯುತ್ತಿದ್ದ ಈ ನಿರಂತರವಿಮರ್ಶೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಯುಕ್ತವಾಗಿದೆ.